ಕೀತ್ ಟ್ರಸ್ಕಾಟ್ ಆಡಿದ್ದು ಬರೀ 50 ಪಂದ್ಯ, ಯಾಕೆ?

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡುತ್ತಿದ್ದ, ಮೆಲ್ಬರ್ನ್ ಕ್ಲಬ್‌ನ ಕೀತ್ ‘ಬ್ಲೂಯಿ’ ಟ್ರಸ್ಕಾಟ್ ದಾಖಲೆಯಲ್ಲಿ 1937–1940, ಆಮೇಲೆ 1942, ಒಟ್ಟು 50 ಪಂದ್ಯ, 31 ಗೋಲು ಅಂತಿದೆ. 1941ರಲ್ಲಿ ಫಾರ್ಮ್ ಹೋಗಿತ್ತಾ ಅಂತ ಕೇಳಿದ್ದೀರಿ.

ಫಾರ್ಮ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಎರಡನೇ ಮಹಾಯುದ್ಧ ನಡೆಯುತ್ತಿತ್ತು, 1940ರ ಜುಲೈನಲ್ಲಿ ಅವರು ಆಸ್ಟ್ರೇಲಿಯದ ವಾಯುಪಡೆ ಸೇರಿದರು. ಆ ವರ್ಷದ ಗ್ರ್ಯಾಂಡ್ ಫೈನಲ್ (ಲೀಗಿನ ಕೊನೆಯ ನಿರ್ಣಾಯಕ ಪಂದ್ಯ) ಆಡಿದ್ದೇ ತರಬೇತಿಯಿಂದ ರಜೆ ಪಡೆದು ಬಂದು. 1941ರಲ್ಲಿ ಮೆಲ್ಬರ್ನ್ ಸತತ ಮೂರನೇ ಸಲ ಪ್ರೀಮಿಯರ್‌ಶಿಪ್, ಅಂದರೆ ಲೀಗ್ ಪ್ರಶಸ್ತಿ, ಗೆದ್ದಾಗ ಟ್ರಸ್ಕಾಟ್ ಇಂಗ್ಲೆಂಡಿನಲ್ಲಿ 452ನೇ ಸ್ಕ್ವಾಡ್ರನ್‌ನ ಸ್ಪಿಟ್‌ಫೈರ್ ಯುದ್ಧವಿಮಾನ ಹಾರಿಸುತ್ತಿದ್ದರು. ಹಾಗಾಗಿ ಅವರ ಲೆಕ್ಕಕ್ಕೆ ಸಿಕ್ಕಿದ್ದು 1939, 1940ರ ಎರಡು ಪ್ರೀಮಿಯರ್‌ಶಿಪ್ ಮಾತ್ರ. (ತಲೆಗೂದಲು ಕೆಂಪು, ಅದಕ್ಕೇ ‘ಬ್ಲೂಯಿ’. ಕೆಂಪುಗೂದಲಿನವರನ್ನು ‘ನೀಲಿ’ ಅಂತ ಕರೆಯೋದು ಆಸ್ಟ್ರೇಲಿಯದವರ ಕೀಟಲೆ.)

31 ಗೋಲು ಕಮ್ಮಿಯಾಯಿತು ಅಂತ ಎಡವಬೇಡಿ. ಈ ಆಟದಲ್ಲಿ ಸಾಲಾಗಿ ನಾಲ್ಕು ಕಂಬ. ನಡುವಿನೆರಡು ಕಂಬದ ಮಧ್ಯೆ ಒದ್ದರೆ ಗೋಲು, 6 ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. 1940ರ ಫೈನಲ್‌ನಲ್ಲಿ ಮೆಲ್ಬರ್ನ್ ಸ್ಕೋರು 15.17 (107): 15 ಗೋಲಿಗೆ 90, ಜೊತೆಗೆ 17 ಬಿಹೈಂಡ್. ರಿಚ್ಮಂಡ್ 10.8 (68). ಆ 15ರಲ್ಲಿ 7 ಗೋಲು ನಾರ್ಮ್ ಸ್ಮಿತ್ ಒಬ್ಬರದೇ. ಗೋಲೆಲ್ಲ ಹೀಗೆ ಒಬ್ಬಿಬ್ಬರ ಪಾಲಾಗುವ ಆಟದಲ್ಲಿ ಉಳಿದವರನ್ನು ಗೋಲಿನ ಸಂಖ್ಯೆಯಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

ಯುದ್ಧಕಾಲದ ಆಟಗಾರರನ್ನು ಪದಕಗಳಿಂದ ಅಳೆಯುವುದೂ ಕಷ್ಟ. ಲೀಗಿನ ಅತ್ಯುತ್ತಮ ಆಟಗಾರನಿಗೆ ಸಿಗುವ ಬ್ರೌನ್‌ಲೋ ಪದಕವನ್ನೇ 1942ರಿಂದ 1945ರವರೆಗೆ ಕೊಡಲಿಲ್ಲ. 1942ರಲ್ಲಿ ಪ್ರಯಾಣದ ನಿರ್ಬಂಧಗಳಿಂದ ಜೀಲಾಂಗ್ ತಂಡ ಲೀಗಿನಿಂದ ಹಿಂದೆ ಸರಿದು 11 ತಂಡ ಉಳಿದವು. ಎಂಸಿಜಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ) ಸೇನೆಯ ಕೈಸೇರಿತ್ತು, ಮೆಲ್ಬರ್ನ್ ತನ್ನ ತವರು ಪಂದ್ಯಗಳನ್ನು ಪಂಟ್ ರೋಡ್ ಮೈದಾನದಲ್ಲಿ ಆಡಬೇಕಾಯಿತು. ಇಂಗ್ಲೆಂಡಿನಿಂದ ಮರಳಿದ ಟ್ರಸ್ಕಾಟ್ ಆ ಸೀಸನ್‌ನಲ್ಲಿ ಆಡಿದ್ದು ಒಂದೇ ಪಂದ್ಯ. ದಾಖಲೆಯ ‘1942’ ಅಷ್ಟೇ.

ನಂತರ ನ್ಯೂಗಿನಿಯ ಮಿಲ್ನ್ ಬೇ ಯುದ್ಧ. ಪೀಟರ್ ಟರ್ನ್‌ಬುಲ್ ಸತ್ತ ಮೇಲೆ 76ನೇ ಸ್ಕ್ವಾಡ್ರನ್‌ನ ನಾಯಕತ್ವ ಇವರಿಗೆ ಬಂತು. ಗುರಿ ಹಿಡಿಯುವುದರಲ್ಲಿ ಗಟ್ಟಿಗ, ವಿಮಾನ ಇಳಿಸುವುದರಲ್ಲಿ ಮಾತ್ರ ಸದಾ ತೊಡಕು: ರನ್‌ವೇ ಇನ್ನೂ ಸುಮಾರು 20 ಅಡಿ ಕೆಳಗಿರುವಾಗಲೇ ವಿಮಾನವನ್ನು ಸಮತಟ್ಟು ಮಾಡಿಬಿಡುತ್ತಿದ್ದರಂತೆ. 1943ರ ಮಾರ್ಚ್ 28ರಂದು ಪಶ್ಚಿಮ ಆಸ್ಟ್ರೇಲಿಯದ ಎಕ್ಸ್‌ಮೌತ್ ಕೊಲ್ಲಿಯ ಮೇಲೆ, ತಗ್ಗಿನಲ್ಲಿ ಹಾರುತ್ತಿದ್ದ ಕ್ಯಾಟಲಿನಾ ವಿಮಾನದ ಮೇಲೆ ಅಣಕು ದಾಳಿಯ ಅಭ್ಯಾಸ ಮಾಡುವಾಗ ಅವರ ಕಿಟ್ಟಿಹಾಕ್ ಯುದ್ಧವಿಮಾನ ನೀರಿಗೆ ಅಪ್ಪಳಿಸಿ, ಅವರು ತೀರಿಕೊಂಡರು. ವಯಸ್ಸು 26. ಮೆಲ್ಬರ್ನ್ ಕ್ಲಬ್ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಟ್ರೋಫಿ ಈಗ ಅವರ ಹೆಸರಿನದು.

ಆ ಕಾಲದ ಬೇರೆಯವರ ದಾಖಲೆ ನೋಡುವಾಗಲೂ, ಸಾಲು 1940ಕ್ಕೋ 1941ಕ್ಕೋ ನಿಂತಿದ್ದರೆ ಮೊದಲು ಸಾವಿನ ದಿನಾಂಕ ನೋಡಿ. ಇದೇ ತಂಡದ ರಾನ್ ಬರಾಸಿ 58 ಪಂದ್ಯ ಆಡಿ, 1941ರ ಜುಲೈನಲ್ಲಿ ಲಿಬಿಯದ ಟೊಬ್ರುಕ್‌ನಲ್ಲಿ ಯುದ್ಧದಲ್ಲಿ ತೀರಿಕೊಂಡರು. ಹುಡುಕುವಾಗ ಎಚ್ಚರ, ಮಗನ ಹೆಸರೂ ರಾನ್ ಬರಾಸಿ, ಕ್ಲಬ್ಬೂ ಅದೇ. 1953ರಿಂದ ಶುರುವಾಗುವ ಸಾಲು ಕಂಡರೆ ಅದು ಮಗನದು.