ಊರು ಕಾಣಲು ಬೇಕಾದ ದೂರ

ಓದುಗರ ಪತ್ರ: 'ಸಂಪಾದಕರೇ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸುತ್ತಿರುವ ನನ್ನ ಮೊಮ್ಮಗಳಿಗೆ ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಪ್ರವೇಶ ದೊರೆತಿದೆ. ಮನೆಯವರೆಲ್ಲ ಸಂಭ್ರಮದಲ್ಲಿದ್ದಾರೆ, ನನಗೆ ಆ ಸಂಭ್ರಮವಿಲ್ಲ. ಹೊರದೇಶದಲ್ಲಿ ಓದಿದರೆ ವ್ಯಕ್ತಿತ್ವ ಬೆಳೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಧಾರವಾಡದಲ್ಲಿ ಓದಿದ ನಮ್ಮ ತಲೆಮಾರಿನವರ ವ್ಯಕ್ತಿತ್ವ ಬೆಳೆಯಲಿಲ್ಲವೇ? ಹೋಟೆಲಿನ ತಟ್ಟೆ ತೊಳೆದು, ಹೆತ್ತವರನ್ನೂ ಊರನ್ನೂ ಮರೆಯುವುದಕ್ಕೆ ಬೆಳವಣಿಗೆ ಎನ್ನಬೇಕೇ?'
– ನಿವೃತ್ತ ಪ್ರಾಧ್ಯಾಪಕರೊಬ್ಬರು, ಶಿರಸಿ

ಮಾನ್ಯರೇ,

ತಮ್ಮ ಪತ್ರವನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು. ಈ ಪ್ರಶ್ನೆಯನ್ನು ಬಹಳ ಮನೆಗಳು ಕೇಳಿಕೊಳ್ಳುತ್ತಿವೆ. ಆದರೆ ಅದನ್ನು ಇಷ್ಟು ನೇರವಾಗಿ ಬರೆದು ಕಳಿಸುವವರು ಕಡಿಮೆ. ಆದ್ದರಿಂದ ಈ ಸಂಚಿಕೆಯ ಪುಟವನ್ನು ತಮಗೊಬ್ಬರಿಗೇ ಮೀಸಲಿಡುತ್ತಿದ್ದೇನೆ.

ಹೊರಗೆ ಹೋಗದೆಯೂ ದೊಡ್ಡವರಾದವರು ನಮ್ಮಲ್ಲಿ ಇದ್ದಾರೆ ಎಂಬ ತಮ್ಮ ಮಾತನ್ನು ಮೊದಲೇ ಒಪ್ಪುತ್ತೇನೆ. ಸಿ.ವಿ. ರಾಮನ್ ಅವರು ಓದಿದ್ದೆಲ್ಲ ಈ ದೇಶದಲ್ಲೇ. ಕಲ್ಕತ್ತದ ಪ್ರಯೋಗಾಲಯದಲ್ಲಿ 1928ರಲ್ಲಿ ನಡೆಸಿದ ಸಂಶೋಧನೆಗಾಗಿ 1930ರಲ್ಲಿ ಅವರಿಗೆ ನೊಬೆಲ್ ಬಂತು. ಧಾರವಾಡದ ಗಾಳಿಯಲ್ಲಿ ಬೆಳೆದ ಮನಸ್ಸುಗಳನ್ನು ಎಣಿಸಲು ಹೊರಟರೆ ಈ ಪುಟ ಸಾಲದು. ಆದರೆ ಇಂಥ ಹೆಸರುಗಳನ್ನು ಮುಂದಿಟ್ಟು ಮೊಮ್ಮಗಳ ದಾರಿಗೆ ಅಡ್ಡ ನಿಲ್ಲುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ. ಯಾಕೆಂದರೆ ತಮ್ಮ ಆತಂಕದ ತಿರುಳು ಇರುವುದು 'ಊರನ್ನು ಮರೆಯುವುದು' ಎಂಬ ಮಾತಿನಲ್ಲಿ. ಅದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಿಲ್ಲ, ತಮ್ಮ ಶಿರಸಿಯಲ್ಲೇ ಅದು ಸಿಗುತ್ತದೆ.

ಗಿರೀಶ ಕಾರ್ನಾಡರ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ಯಕ್ಷಗಾನವನ್ನೂ ಕಂಪನಿ ನಾಟಕಗಳನ್ನೂ ಅವರು ಕಣ್ತುಂಬ ನೋಡಿದ್ದು ಅಲ್ಲಿಯೇ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಪದವಿ ಮುಗಿಸಿ, 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬುದು ಆ ತರುಣನ ಹಂಬಲವಾಗಿತ್ತು. ಹೊರಡುವ ಸಿದ್ಧತೆಯ ದಿನಗಳಲ್ಲಿ, ಮಗ ತಿರುಗಿ ಬರುತ್ತಾನೋ ಇಲ್ಲವೋ ಎಂಬ ಮನೆಯವರ ಆತಂಕದ ನಡುವೆ, ಅವರ ಕೈಯಿಂದ ಬಂದದ್ದು ಮಾತ್ರ ಕನ್ನಡದ 'ಯಯಾತಿ'. ಅಪ್ಪನ ಮುಪ್ಪನ್ನು ತಾನು ಹೊತ್ತು ತನ್ನ ಯೌವನವನ್ನು ಅವನಿಗೆ ಕೊಟ್ಟ ಮಗನ ಕಥೆ ಅದು. ಆಕ್ಸ್‌ಫರ್ಡಿನಲ್ಲಿ ಅವರು 1963ರಲ್ಲಿ ಅಲ್ಲಿನ ಹೆಸರಾಂತ ಚರ್ಚಾಸಂಘವಾದ ಯೂನಿಯನ್ನಿನ ಅಧ್ಯಕ್ಷರೂ ಆದರು. ಇಂಗ್ಲೆಂಡಿನಲ್ಲೇ ನೆಲೆಸಲು ಅದಕ್ಕಿಂತ ಒಳ್ಳೆಯ ರಹದಾರಿ ಬೇಕಿರಲಿಲ್ಲ. ಆದರೂ ಅದೇ ವರ್ಷ ಅವರು ಹಿಂದಿರುಗಿದರು, ಮರುವರ್ಷ 'ತುಘಲಕ್' ಬಂತು. ಊರು ಮರೆತವರ ಬಾಳು ಹೀಗಿರುತ್ತದೆಯೇ ಎಂದು ತಾವೇ ಯೋಚಿಸಬೇಕು.

ಯು.ಆರ್. ಅನಂತಮೂರ್ತಿಯವರ ಮಾತೂ ಇದೇ. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅವರು ತಮ್ಮ ಅಧ್ಯಾಪಕ ಮಾಲ್ಕಮ್ ಬ್ರಾಡ್ಬರಿಯವರೊಂದಿಗೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನರ 'ದಿ ಸೆವೆಂತ್ ಸೀಲ್' ಚಿತ್ರವನ್ನು ನೋಡಿದರು. ತೆರೆಯ ಮೇಲೆ ಅನುವಾದದ ಸಾಲುಗಳೂ ಇರಲಿಲ್ಲ. ಸ್ವೀಡನ್ನಿನ ಪ್ಲೇಗು ಮತ್ತು ಸಾವಿನ ಆ ಚಿತ್ರ ಅವರನ್ನು ಕೊಂಡೊಯ್ದದ್ದು ಮಲೆನಾಡಿನ ಅಗ್ರಹಾರಕ್ಕೆ. 1965ರಲ್ಲಿ ಪ್ರಕಟವಾದ 'ಸಂಸ್ಕಾರ' ಬರೆದದ್ದು ಆ ಇಂಗ್ಲಿಷ್ ಊರಿನಲ್ಲಿ ಕುಳಿತು. ತೀರ್ಥಹಳ್ಳಿಯಲ್ಲೇ ಇದ್ದಿದ್ದರೆ ಅವರು ಅದನ್ನು ಬರೆಯುತ್ತಿದ್ದರೋ ಇಲ್ಲವೋ ಎಂಬ ತರ್ಕಕ್ಕೆ ನಾನು ಇಳಿಯುವುದಿಲ್ಲ. ಆದರೆ ಅಗ್ರಹಾರವನ್ನು ಅಷ್ಟು ನಿರ್ದಯವಾಗಿ, ಅಷ್ಟೇ ಅಕ್ಕರೆಯಿಂದ ನೋಡಲು ಆ ದೂರ ನೆರವಾಯಿತೆಂದು ನಂಬುತ್ತೇನೆ. ಮೈಸೂರಿನ ಎಂ.ಎನ್. ಶ್ರೀನಿವಾಸರು ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರ ಓದಿದ ಮೇಲೆ, 1948ರಲ್ಲಿ, ಮೈಸೂರಿನ ಸಮೀಪದ ಹಳ್ಳಿಯೊಂದಕ್ಕೆ ಬಂದು ನೆಲೆಸಿದರು, ಅದನ್ನು ತಮ್ಮ ಬರಹದಲ್ಲಿ ರಾಂಪುರವೆಂದು ಕರೆದರು. ಮೈಸೂರು ನಗರದ ಬ್ರಾಹ್ಮಣ ಮನೆತನದ ಹುಡುಗನಿಗೆ ತನ್ನ ಸೀಮೆಯ ಒಕ್ಕಲಿಗರ ಬದುಕಿನೊಳಗೆ ಪ್ರವೇಶ ದೊರೆತದ್ದು ಆಕ್ಸ್‌ಫರ್ಡಿನ ಬಾಗಿಲಿನಿಂದ. ಗಾಂಧೀಜಿಯವರು ಭಗವದ್ಗೀತೆಯನ್ನು ಮೊದಲ ಬಾರಿಗೆ ಓದಿದ್ದು ಲಂಡನ್ನಿನಲ್ಲಿ, ಅದೂ ಎಡ್ವಿನ್ ಆರ್ನಾಲ್ಡರ ಇಂಗ್ಲಿಷ್ ಅನುವಾದದಲ್ಲಿ ಎಂಬುದು ತಮಗೆ ಗೊತ್ತಿರುವ ಸಂಗತಿಯೇ.

ಇವೆಲ್ಲ ಮೇಲ್ಜಾತಿಯವರ ಕಥೆಗಳಾದವು ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಸರಿಯಾದ ಆಕ್ಷೇಪ. ನನ್ನ ನಂಬಿಕೆಗೆ ನಿಜವಾದ ಆಧಾರ ಇರುವುದು ಬೇರೊಂದು ಬಾಳಿನಲ್ಲಿ. ಬರೋಡದ ಮಹಾರಾಜರು ತಿಂಗಳಿಗೆ ಕೊಡುತ್ತಿದ್ದ ಹನ್ನೊಂದೂವರೆ ಪೌಂಡುಗಳ ವಿದ್ಯಾರ್ಥಿವೇತನದಲ್ಲಿ ಅಂಬೇಡ್ಕರರು 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯ ಸೇರಿದರು. ಶಾಲೆಯಲ್ಲಿ ಗೋಣಿಯ ಮೇಲೆ ಪ್ರತ್ಯೇಕವಾಗಿ ಕುಳಿತಿದ್ದ ಹುಡುಗನಿಗೆ ಅಲ್ಲಿ ತತ್ತ್ವಜ್ಞಾನಿ ಜಾನ್ ಡ್ಯೂಯಿಯಂಥ ಗುರು ದೊರೆತರು. ಎಲ್ಲರ ಜೊತೆ ಒಂದೇ ಮೇಜಿನಲ್ಲಿ ಊಟ, ಒಂದೇ ಗ್ರಂಥಾಲಯದಲ್ಲಿ ಓದು. ಯೂರೋಪು ಮತ್ತು ಅಮೆರಿಕದ ವಾಸ ತಾನು ಅಸ್ಪೃಶ್ಯನೆಂಬ ಅರಿವನ್ನೇ ಮನಸ್ಸಿನಿಂದ ಅಳಿಸಿಹಾಕಿತ್ತೆಂದು ಅವರು ಮುಂದೆ ಬರೆದುಕೊಂಡಿದ್ದಾರೆ. ನೌಕರಿಗೆಂದು ಬರೋಡಕ್ಕೆ ಬಂದಿಳಿದಾಗ ತಂಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದರು, ಗುಟ್ಟು ತಿಳಿದ ಜನ ದೊಣ್ಣೆ ಹಿಡಿದು ಬಂದು ಹೊರಡಿಸಿದರು. ಮನುಷ್ಯನಾಗಿ ಬದುಕಿದ ಆ ಕೆಲವು ವರ್ಷಗಳು ಹಿಂದೆ ಇದ್ದುದರಿಂದಲೇ ಈ ಅವಮಾನವನ್ನು ವಿಧಿಯೆಂದು ಒಪ್ಪಿಕೊಳ್ಳುವುದು ಅವರಿಗೆ ಇನ್ನೆಂದೂ ಸಾಧ್ಯವಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಹೊರದೇಶದ ಓದು ವ್ಯಕ್ತಿತ್ವಕ್ಕೆ ಏನು ಮಾಡುತ್ತದೆ ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಈ ಪ್ರಸಂಗವನ್ನು.

ಇನ್ನು ತಟ್ಟೆ ತೊಳೆಯುವ ಮಾತು. ಇಲ್ಲಿ ತಮ್ಮನ್ನು ಸ್ವಲ್ಪ ಆಕ್ಷೇಪಿಸದೆ ಮುಂದೆ ಹೋಗಲಾರೆ. ಜೀವನವಿಡೀ ಮಕ್ಕಳಿಗೆ ಪಾಠ ಹೇಳಿದ ತಾವು ಆ ಕೆಲಸವನ್ನು ಕೀಳಾಗಿ ಕಂಡದ್ದು ನನಗೆ ನೋವು ತಂದಿತು. ನಮ್ಮ ಮನೆಗಳಲ್ಲಿ ಆ ತಟ್ಟೆಯನ್ನು ಯಾರು ತೊಳೆಯುತ್ತಾರೆ? ತಾಯಿ, ಸೊಸೆ, ಇಲ್ಲವೇ ಹಿತ್ತಿಲ ಬಾಗಿಲಿನಿಂದ ಬಂದು ಹೋಗುವ ಹೆಂಗಸು. ಇಪ್ಪತ್ತೆರಡು ವರ್ಷ ತುಂಬಿದರೂ ಉಂಡ ತಟ್ಟೆ ಎತ್ತದ ಹುಡುಗರು ನಮ್ಮಲ್ಲಿ ಪದವೀಧರರಾಗುತ್ತಾರೆ. ನನ್ನ ಪರಿಚಯದ ಹಾವೇರಿ ಕಡೆಯ ಹುಡುಗಿಯೊಬ್ಬಳು ಜರ್ಮನಿಯ ಚಿಕ್ಕ ಪಟ್ಟಣವೊಂದರಲ್ಲಿ ಓದಿ ಬಂದಳು. ಹೋದ ಹೊಸತರಲ್ಲಿ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸುವುದು, ಬಾಡಿಗೆ ಕರಾರನ್ನು ಸಾಲುಸಾಲಾಗಿ ಓದಿ ಸಹಿ ಹಾಕುವುದು, ಕಸವನ್ನು ನಾಲ್ಕು ಬುಟ್ಟಿಗಳಿಗೆ ವಿಂಗಡಿಸುವುದು, ಜ್ವರ ಬಂದಾಗ ಒಬ್ಬಳೇ ವೈದ್ಯರ ಬಳಿಗೆ ಹೋಗುವುದು, ಎಲ್ಲವೂ ಅವಳ ಪಾಲಿಗೇ ಬಂತು. ಆದರೆ ಅವಳನ್ನು ನಿಜವಾಗಿ ನಡುಗಿಸಿದ್ದು ತರಗತಿಯ ಒಂದು ಸಣ್ಣ ಪ್ರಶ್ನೆ. ಪಠ್ಯದಲ್ಲಿದ್ದುದನ್ನು ಅವಳು ಚೆನ್ನಾಗಿಯೇ ಒಪ್ಪಿಸಿದ ಮೇಲೆ ಪ್ರಾಧ್ಯಾಪಕಿ 'ಇದರಲ್ಲಿ ನೀನು ಒಪ್ಪದಿರುವುದು ಏನು?' ಎಂದು ಕೇಳಿದರಂತೆ. ಹದಿನಾರು ವರ್ಷ ಶಾಲೆ ಕಾಲೇಜುಗಳಲ್ಲಿ ಕಳೆದಿದ್ದ ಆ ಹುಡುಗಿಯನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಮರಳಿ ಬಂದವಳು ಮದುವೆಯ ವಿಷಯದಲ್ಲಿ ಅಪ್ಪನೆದುರು ಕುಳಿತು, ಅಳದೆ, ರೇಗದೆ, ತನ್ನ ಮಾತನ್ನು ಕಾರಣ ಸಹಿತ ಹೇಳಿದಳು. ಹುಡುಗಿ ಕೈತಪ್ಪಿದಳೆಂದು ನೆಂಟರು ಆಡಿಕೊಂಡರು. ಅವಳ ಅಪ್ಪನಿಗೆ ಹಾಗನ್ನಿಸಲಿಲ್ಲ, ಅದು ಆ ಮನುಷ್ಯನ ದೊಡ್ಡತನ.

ಮೊಮ್ಮಗಳ ವಿಷಯವಾದ್ದರಿಂದ ರಾಜೇಶ್ವರಿ ಚಟರ್ಜಿಯವರನ್ನೂ ನೆನೆಯಬೇಕು. 1922ರಲ್ಲಿ ಹುಟ್ಟಿದ ಅವರು 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು, ಡಾಕ್ಟರೇಟ್ ಮುಗಿಸಿ 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ನಮ್ಮ ರಾಜ್ಯದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಮೈಕ್ರೋವೇವ್ ಮತ್ತು ಆಂಟೆನಾ ವಿಷಯಗಳಲ್ಲಿ ಒಂದು ತಲೆಮಾರನ್ನೇ ಅವರು ತಯಾರು ಮಾಡಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ಆ ಮನೆಯಲ್ಲಿ ಹಿರಿಯರ ಓದು ಮೊಮ್ಮಗಳ ಬೆನ್ನಿಗೆ ನಿಂತಿತು. ಪ್ರಾಧ್ಯಾಪಕರಾಗಿ ಬಾಳಿದ ತಮ್ಮ ಮನೆಯಲ್ಲೂ ಹಾಗಾಗಬೇಕೆಂಬುದು ನನ್ನ ಆಸೆ.

ಹೀಗೆ ಬರೆಯುತ್ತಿರುವಾಗಲೇ ನನ್ನನ್ನು ಕಾಡುವ ಒಂದು ಸಂಗತಿ ಇದೆ, ಮತ್ತು ಅದು ತಾವು ಎತ್ತಿದ ಆತಂಕಕ್ಕಿಂತ ದೊಡ್ಡದು. ಮೇಲೆ ಹೇಳಿದವರಲ್ಲಿ ಗಾಂಧೀಜಿಯವರೊಬ್ಬರನ್ನು ಬಿಟ್ಟರೆ ಹೆಚ್ಚಿನವರು ಹೋದದ್ದು ವಿದ್ಯಾರ್ಥಿವೇತನದ ನೆರಳಿನಲ್ಲಿ. ಅವರಿಗೆ ಅಲೆದಾಡಲು, ಸಿನಿಮಾ ನೋಡಲು, ಗ್ರಂಥಾಲಯದಲ್ಲಿ ಸಂಬಂಧವಿಲ್ಲದ ಪುಸ್ತಕ ಓದಲು ಸಮಯವಿತ್ತು. ಬೆಳವಣಿಗೆ ನಡೆದದ್ದು ಆ ಬಿಡುವಿನಲ್ಲಿ. 2023–24ರಲ್ಲಿ ಅಮೆರಿಕವೊಂದರಲ್ಲೇ 3.31 ಲಕ್ಷ ಭಾರತೀಯ ವಿದ್ಯಾರ್ಥಿಗಳಿದ್ದರು. ಅವರಲ್ಲಿ ಎಷ್ಟೋ ಜನ ಹೋಗಿರುವುದು ಸಾಲದ ಮೇಲೆ. ನಮ್ಮ ಬ್ಯಾಂಕುಗಳ ಮಾದರಿ ಯೋಜನೆಯಂತೆ ಏಳೂವರೆ ಲಕ್ಷ ರೂಪಾಯಿ ದಾಟಿದ ಸಾಲಕ್ಕೆ ಆಸ್ತಿಯ ಭದ್ರತೆ ಬೇಕು, ಅಂದರೆ ಅಪ್ಪನ ಮನೆ ಇಲ್ಲವೇ ಅಜ್ಜನ ತೋಟ. ಬೋಧನಾ ಶುಲ್ಕ ಬಹುಮಟ್ಟಿಗೆ ಇಲ್ಲದ ಜರ್ಮನಿಗೂ ಮೊದಲ ವರ್ಷದ ಖರ್ಚಿಗೆಂದು 11,904 ಯೂರೊಗಳನ್ನು, ಎಂದರೆ ಹನ್ನೊಂದು ಲಕ್ಷ ರೂಪಾಯಿಗೂ ಮೀರಿದ ಮೊತ್ತವನ್ನು, ಮುಂಚಿತವಾಗಿ ತೆಗೆದಿಟ್ಟು ತೋರಿಸಬೇಕು. ಈ ಹೊರೆ ಹೊತ್ತು ಹೋದ ಹುಡುಗ ಇಳಿದ ದಿನದಿಂದಲೇ ತಿಂಗಳ ಕಂತನ್ನು ಎಣಿಸತೊಡಗುತ್ತಾನೆ. ಬಾಡಿಗೆ ಉಳಿಸಲು ತನ್ನ ಭಾಷೆಯ, ಎಷ್ಟೋ ಸಲ ತನ್ನ ಜಾತಿಯದೇ ನಾಲ್ವರೊಡನೆ ಒಂದು ಕೋಣೆ ಹಿಡಿಯುತ್ತಾನೆ. ತರಗತಿ, ಅಂಗಡಿಯ ಕೆಲಸ, ನಿದ್ದೆ, ರಾತ್ರಿ ಮನೆಗೆ ವಿಡಿಯೊ ಕರೆ. ಆ ದೇಶದ ಒಬ್ಬನೇ ಒಬ್ಬ ಗೆಳೆಯನಿಲ್ಲದೆ ಎರಡು ವರ್ಷ ಮುಗಿದುಹೋಗುತ್ತವೆ. ಯಾವ ಕೋರ್ಸು, ಯಾವ ಊರು ಎಂಬುದನ್ನು ಕೂಡ ಕಮಿಷನ್ ಪಡೆಯುವ ಏಜೆಂಟರು ಆರಿಸಿರುತ್ತಾರೆ. ಅವನಿಗೆ ಬೆಳೆಯಲು ಎಡೆಯನ್ನೇ ಕೊಡದ ನಾವು, ಬೆಳೆಯದೆ ಬಂದನೆಂದು ಅವನನ್ನು ದೂರುತ್ತೇವೆ. ಕಾರ್ನಾಡರ ನಾಟಕದಲ್ಲಿ ಅಪ್ಪನ ಮುಪ್ಪನ್ನು ಹೊತ್ತ ಮಗ ಪೂರುವನ್ನು ಈ ಮಕ್ಕಳಲ್ಲಿ ನಾನು ಕಾಣುತ್ತೇನೆ.

ಸರ್ಕಾರದ ಕಡೆಗೆ ನೋಡಿದರೆ ನನ್ನ ದುಃಖ ಇನ್ನೂ ಹೆಚ್ಚುತ್ತದೆ. ಪರಿಶಿಷ್ಟ ಜಾತಿಗಳ ಮತ್ತು ಇತರ ವಂಚಿತ ಸಮುದಾಯಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮಗಳನ್ನು 2022ರಲ್ಲಿ ಬದಲಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತೀಯ ಸಮಾಜದ ಅಧ್ಯಯನಗಳಿಗೆ ಆ ಹಣ ಸಿಗದಂತೆ ಮಾಡಿದರು. 1916ರಲ್ಲಿ ಕೊಲಂಬಿಯದ ವಿಚಾರಗೋಷ್ಠಿಯೊಂದರಲ್ಲಿ ಅಂಬೇಡ್ಕರರು ಮಂಡಿಸಿದ ಪ್ರಬಂಧ ಭಾರತದ ಜಾತಿಗಳ ಹುಟ್ಟನ್ನು ಕುರಿತದ್ದು. ಅದೇ ವಿಷಯ ಹಿಡಿದು ಹೊರಡುವ ಇಂದಿನ ದಲಿತ ವಿದ್ಯಾರ್ಥಿಗೆ ಈ ನಿಯಮ ಬಾಗಿಲು ಹಾಕುತ್ತದೆ. ತನ್ನ ಸಮಾಜವನ್ನು ದೂರದಿಂದ, ನಿರ್ಭಯವಾಗಿ ಪರೀಕ್ಷಿಸುವುದೇ ಹೊರದೇಶದ ಓದಿನ ಅತಿದೊಡ್ಡ ಫಲವೆಂದು ನಂಬಿರುವ ನನಗೆ ಇದು ಕ್ಷಮಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಅವಳು ಹೋಗಲಿ. ಸಾಲ ಅನಿವಾರ್ಯವಾದರೆ ಆದಷ್ಟು ಚಿಕ್ಕದಿರಲಿ, ಅದನ್ನು ತೀರಿಸುವ ಅವಸರವನ್ನು ಮೊದಲ ದಿನವೇ ಅವಳ ತಲೆಗೆ ಕಟ್ಟಬೇಡಿ. ಅಲ್ಲಿನ ಭಾಷೆಯನ್ನು ಇಲ್ಲಿಂದಲೇ ಕಲಿಯತೊಡಗಲಿ. ಬೇರೆ ದೇಶಗಳ ಹುಡುಗಿಯರೂ ಇರುವ ವಿದ್ಯಾರ್ಥಿನಿಲಯದಲ್ಲಿ ಕೋಣೆ ಹುಡುಕಲಿ. ವೀಸಾದ ಅರ್ಜಿಯನ್ನು ಏಜೆಂಟರಾಗಲಿ, ಮನೆಯ ಗಂಡಸರಾಗಲಿ ತುಂಬುವುದು ಬೇಡ. ತಪ್ಪಾದರೂ ಚಿಂತೆಯಿಲ್ಲ, ಅವಳೇ ತುಂಬಲಿ. ತಾವು ಪಕ್ಕದಲ್ಲಿ ಕುಳಿತು, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿದರೆ ಸಾಕು.

– ಸಂಪಾದಕ