ಬಿಪಿ ಮಾತ್ರೆ ಬಿಲ್ ವಾಪಸ್ ಬಂದಿದ್ದಕ್ಕೆ

ಕುಶಾಲನಗರದ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸ, ಕಂಪನಿ ವಿಮೆ ಇದ್ದರೂ ತಿಂಗಳ ಬಿಪಿ ಮಾತ್ರೆ ಬಿಲ್ ವಾಪಸ್ ಬಂತು, ಯಾಕೆ ಅಂತ ಕೇಳಿದ್ದೀರಿ. ನಿಮ್ಮ ತಪ್ಪೇನೂ ಇಲ್ಲ. ಇಂಥ ಪಾಲಿಸಿಗಳು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುತ್ತವೆ. ಅದೇ ಕಾಯಿಲೆಗೆ ದಾಖಲಾಗುವ ಮೊದಲಿನ 30 ದಿನ, ಮನೆಗೆ ಬಂದ ಮೇಲಿನ 60 ದಿನದ ಔಷಧಿಯೂ ಸಾಮಾನ್ಯವಾಗಿ ಸೇರುತ್ತದೆ. ದಿನಾ ನುಂಗುವ ಮಾತ್ರೆಗೆ ಪಾಲಿಸಿಯಲ್ಲಿ ಓಪಿಡಿ (ದಾಖಲಾಗದೆ ಪಡೆಯುವ ಚಿಕಿತ್ಸೆ) ಸೌಲಭ್ಯ ಬೇರೆಯೇ ಇರಬೇಕು.

ಅದಿರಲಿ, ಸಂಬಳದ ಚೀಟಿ ಒಮ್ಮೆ ನೋಡಿ. ತಿಂಗಳಿಗೆ 21,000 ರೂಪಾಯಿ ಒಳಗಿದ್ದು, ಇಎಸ್‌ಐ (ಸರ್ಕಾರದ ನೌಕರರ ರಾಜ್ಯ ವಿಮೆ) ಅಂತ ಶೇ. 0.75 ಕಡಿತ ಆಗುತ್ತಿದ್ದರೆ ಇಎಸ್‌ಐ ಚಿಕಿತ್ಸಾಲಯದಲ್ಲಿ ಮಾತ್ರೆ ಪುಕ್ಕಟೆ. ಎಷ್ಟೋ ಜನ ಹಣ ಕಟ್ಟಿಯೂ ಆ ಕಡೆ ತಲೆ ಹಾಕುವುದಿಲ್ಲ! ಇಲ್ಲದಿದ್ದರೆ ಜನೌಷಧಿ ಕೇಂದ್ರ. ಡಾಕ್ಟರ ಹತ್ತಿರ ಬ್ರ್ಯಾಂಡ್ ಬದಲು ಔಷಧಿಯ ಹೆಸರನ್ನೇ ಬರೆಸಿಕೊಳ್ಳಿ, ಆಮ್ಲೋಡಿಪಿನ್ ಅಂತಲೋ ಟೆಲ್ಮಿಸಾರ್ಟನ್ ಅಂತಲೋ. ಬೆಲೆ ತುಂಬಾ ಇಳಿಯುತ್ತದೆ.

ಡಾಕ್ಟರ ಚೀಟಿ, ಔಷಧಿ ಬಿಲ್ ಮಾತ್ರ ಬಿಸಾಡಬೇಡಿ. ನನ್ನ ಕ್ಲೈಮಿನಲ್ಲಿ ಔಷಧಿಯ ದುಡ್ಡು ಕತ್ತರಿಸಿದ್ದು ಇದಕ್ಕೇ. ಕಕ್ಕಡ ತಿಂಗಳ (ಕೊಡಗಿನ ಜೋರು ಮಳೆಗಾಲ) ಮಳೆಯಲ್ಲಿ ಜೇಬಲ್ಲೇ ಉಳಿದ ಚೀಟಿ ಮುದ್ದೆಯಾಗಿತ್ತು, ಬಿಲ್ಲಿನ ಅಕ್ಷರ ಮಾಸಿ ಬರೀ ಬಿಳಿ ಕಾಗದ. ಈಗ ಮೆಡಿಕಲ್ ಶಾಪ್‌ನಲ್ಲೇ ನಿಂತು ಎರಡರದ್ದೂ ಫೋಟೋ ತೆಗೆಯುತ್ತೇನೆ.

ಬಿಪಿ ಇರುವುದನ್ನು ಸೂಪರ್‌ವೈಸರ್‌ಗೆ ಹೇಳಬೇಕಾ ಅಂದಿರಲ್ವಾ? ಸುಮ್ನೆ ಎಲ್ಲಾ ಹೇಳಬೇಕಿಲ್ಲ. ಆದರೆ ಹೊಸ ಮಾತ್ರೆಯಿಂದ ತಲೆ ತಿರುಗಿದರೆ ಯಂತ್ರದ ಹತ್ತಿರ ಹೋಗುವ ಮೊದಲು ತಿಳಿಸಿ, ಡಾಕ್ಟರಿಗೂ ಹೇಳಿ.