ಹಳೆಯ ಫಾರ್ಮಾಲ್ ಎಂಜಿನ್ನಿನ ಬಲ ಹೆಚ್ಚಿಸುವ ಮುನ್ನ

ಪ್ರಶ್ನೆ: ನಾನು ಅಮೆರಿಕದ ಅಯೋವಾದಲ್ಲಿ ನೆಲೆಸಿದ್ದೇನೆ. 1948ರ ಫಾರ್ಮಾಲ್ ಎಂ ಟ್ರ್ಯಾಕ್ಟರ್ ಕೊಂಡಿದ್ದು, ಇಲ್ಲಿನ ಟ್ರ್ಯಾಕ್ಟರ್ ಪುಲ್ಲಿಂಗ್ (ಭಾರದ ಸ್ಲೆಡ್ಡನ್ನು, ಅಂದರೆ ಜಾರುಬಂಡಿಯನ್ನು, ಟ್ರ್ಯಾಕ್ಟರಿನಿಂದ ಎಳೆಯುವ) ಸ್ಪರ್ಧೆಗೆ ಇಳಿಸುವ ಆಸೆಯಿದೆ. ಗವರ್ನರ್ (ಎಂಜಿನ್ನಿನ ವೇಗವನ್ನು ಮಿತಿಯಲ್ಲಿಡುವ ಸಾಧನ) ಬಿಗಿ ಮಾಡಿ ವೇಗವನ್ನು 2500 ಆರ್‌ಪಿಎಂಗೆ (ನಿಮಿಷಕ್ಕೆ ಸುತ್ತುಗಳು) ಏರಿಸಿದರೆ ಸಾಕೆಂದು ಗೆಳೆಯರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ದಯವಿಟ್ಟು ಗವರ್ನರಿಗೆ ಈಗಲೇ ಕೈ ಹಾಕಬೇಡಿ. ನಿಮ್ಮ ಎಂಜಿನ್ 1450 ಆರ್‌ಪಿಎಂಗೆಂದು ರೂಪಿಸಿದ್ದು. ಅದರ ಸ್ಟ್ರೋಕ್, ಅಂದರೆ ಪಿಸ್ಟನ್ ಒಮ್ಮೆ ಓಡುವ ದೂರ, 5.25 ಇಂಚು. ಇಷ್ಟು ಉದ್ದ ಓಡುವ ಪಿಸ್ಟನ್ ಪ್ರತಿ ಸಲ ಮೇಲೆ ನಿಂತು ಹಿಂದಿರುಗುವಾಗ ಅದನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಎಳೆಯುವ ಬಲವು ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ಅನುಗುಣವಾಗಿ ಏರುವುದರಿಂದ, 2500ರಲ್ಲಿ ಅದು ಸುಮಾರು ಮೂರು ಪಟ್ಟಾಗುತ್ತದೆ. ಎಂಜಿನ್ನಿನೊಂದಿಗೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿನ ಮೇಲಿನ ಒತ್ತಡವೂ ಹಾಗೆಯೇ ಏರುತ್ತದೆ. ಎಪ್ಪತ್ತು ವರ್ಷಕ್ಕೂ ಹಳೆಯ ಎರಕದ ಫ್ಲೈವೀಲ್ ಸಿಡಿದರೆ ಅದರ ಚೂರುಗಳನ್ನು ಕ್ಲಚ್ಚಿನ ಕವಚ ತಡೆಯಲಾರದು, ಮತ್ತು ಆ ಕವಚ ಇರುವುದು ನಿಮ್ಮ ಕಾಲುಗಳ ಮುಂದೆಯೇ. ವೇಗ ಏರಿಸಲೇಬೇಕೆಂದಿದ್ದರೆ ಉಕ್ಕಿನ ಫ್ಲೈವೀಲ್ ಮತ್ತು ಚೂರು ತಡೆಯುವ ಹೊದಿಕೆಗೆ ಮೊದಲು ಹಣ ಎತ್ತಿಡಿ, ಪಿಸ್ಟನ್ ಆಮೇಲೆ.

ನನ್ನನ್ನು ಕೇಳಿದರೆ, ವೇಗಕ್ಕಿಂತ ಗಾತ್ರ ಹೆಚ್ಚಿಸುವುದೇ ಲೇಸು. ನಿಮ್ಮ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 3.875 ಇಂಚು, ಒಟ್ಟು ಗಾತ್ರ 248 ಘನ ಇಂಚು. ಇದೇ ವಂಶದ ಸೂಪರ್ ಎಂನಲ್ಲಿ ಸ್ಟ್ರೋಕ್ ಬದಲಿಸದೆ ಬೋರನ್ನು 4 ಇಂಚಿಗೆ ಹಿಗ್ಗಿಸಿ 264 ಘನ ಇಂಚು ಪಡೆದರು. ಮುಂದೆ ಫಾರ್ಮಾಲ್ 450 ಮಾದರಿಯಲ್ಲಿ 4.125 ಇಂಚಿಗೆ ಏರಿಸಿ 281 ಘನ ಇಂಚಿಗೆ ಮುಟ್ಟಿಸಿದರು. ಅದೇ ದಾರಿಯಲ್ಲಿ ಹೋದರೆ ಕಡಿಮೆ ವೇಗದಲ್ಲಿಯೇ ತಿರುಚುಬಲ ಹೆಚ್ಚುತ್ತದೆ, ಮತ್ತು ಸ್ಪರ್ಧೆಯ ಸ್ಲೆಡ್ಡಿನಲ್ಲಿ ತೂಕದ ಪೆಟ್ಟಿಗೆ ಮುಂದೆ ಸರಿದಂತೆಲ್ಲ ಎಳೆತ ಭಾರವಾಗಿ ಎಂಜಿನ್ ತಗ್ಗತೊಡಗಿದಾಗ ಕೈಹಿಡಿಯುವುದು ಈ ಬಲವೇ.

ಇನ್ನೊಂದು ಸಂಗತಿ. ಬಾನೆಟ್ಟಿನಡಿ ದೊಡ್ಡ ಟ್ಯಾಂಕಿನ ಜೊತೆಗೆ ಪುಟ್ಟ ಪೆಟ್ರೋಲ್ ಟ್ಯಾಂಕೂ ಇದ್ದರೆ, ನಿಮ್ಮದು ಸೀಮೆಎಣ್ಣೆಯಂಥ ಅಗ್ಗದ ಇಂಧನಕ್ಕಾಗಿ ತಯಾರಾದದ್ದು. ಅದರ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ-ಇಂಧನ ಒಯ್ಯುವ ಕೊಳವೆ) ಇಂಧನವನ್ನು ಆವಿಯಾಗಿಸಲು ಒಳಹೋಗುವ ಗಾಳಿಯನ್ನು ಬೇಕೆಂದೇ ಕಾಯಿಸುತ್ತದೆ. ಕಾದ ಗಾಳಿ ತೆಳುವಾಗಿ ಸಿಲಿಂಡರಿಗೆ ಕಡಿಮೆ ತುಂಬುತ್ತದೆ. ಪೆಟ್ರೋಲ್ ಮ್ಯಾನಿಫೋಲ್ಡಿಗೆ ಬದಲಾಯಿಸುವುದು ಅಗ್ಗದ ಲಾಭ. ಮೂಲ ಕಂಪ್ರೆಷನ್ ಅನುಪಾತ (ಸಿಲಿಂಡರಿನಲ್ಲಿ ಮಿಶ್ರಣ ಎಷ್ಟು ಪಟ್ಟು ಅದುಮಲ್ಪಡುತ್ತದೆ ಎಂಬುದು) 6ಕ್ಕಿಂತ ಕಡಿಮೆ. ಇಂದಿನ ಬಂಕಿನ ಪೆಟ್ರೋಲಿಗೆ 7ರ ಆಸುಪಾಸು ತಾಳುತ್ತದೆ. ಅದನ್ನು ಮೀರುವ ಆಸೆಗೆ ಸಿಲಿಂಡರಿನ ಮುಚ್ಚಳವಾದ ಹೆಡ್ಡನ್ನು ಅತಿಯಾಗಿ ತರಿದರೆ ನಾಕಿಂಗ್ (ಇಂಧನ ಹದ ತಪ್ಪಿ ಸಿಡಿಯುವುದು) ಶುರುವಾಗಿ ಪಿಸ್ಟನ್ ತೂತಾದೀತು. ಜೋಡಿಸುವ ಮುನ್ನ ಕ್ರ್ಯಾಂಕ್ ಹಾಗೂ ರಾಡುಗಳಲ್ಲಿ ಬಿರುಕಿದೆಯೇ ಎಂದು ಪರೀಕ್ಷೆ ಮಾಡಿಸಿ, ನಾಲ್ಕೂ ಪಿಸ್ಟನ್‌ಗಳ ತೂಕ ಸಮ ಮಾಡಿಸಿ.

ಎಂಜಿನ್ನಿಗಿಂತ ಸ್ಲೆಡ್ ಕಟ್ಟುವ ಕೊಂಡಿಯ ಎತ್ತರವೇ ಗೆಲ್ಲಿಸುವ ದಿನಗಳೂ ಉಂಟು. ಮುಂದಿನ ಮತ್ತು ಹಿಂದಿನ ಅಚ್ಚುಗಳ ಅಂತರ 88 ಇಂಚು, ಎಳೆತ 4000 ಪೌಂಡು ಎಂದಿಟ್ಟುಕೊಳ್ಳಿ: ಕೊಂಡಿ 20 ಇಂಚು ಎತ್ತರದಲ್ಲಿದ್ದರೆ ಸುಮಾರು 900 ಪೌಂಡು ಮುಂಭಾಗದಿಂದ ಹಿಂದಿನ ಗಾಲಿಗಳಿಗೆ ದಾಟುತ್ತದೆ, 18 ಇಂಚಿನಲ್ಲಿ 820ರಷ್ಟು ಮಾತ್ರ. ಮೂತಿ ಮೇಲೇಳದಂತೆ ಮುಂದೆ ತೂಕ ಕಟ್ಟಬೇಕು. ಈ ಎತ್ತರ, ಒಟ್ಟು ತೂಕ, ಆರ್‌ಪಿಎಂ ಮಿತಿಗಳು ಸ್ಪರ್ಧೆಯ ವರ್ಗದಿಂದ ವರ್ಗಕ್ಕೆ ಬೇರೆಯಾಗಿರುತ್ತವೆ. ಬೋರ್ ಹಿಗ್ಗಿಸುವ ಮುನ್ನವೇ ನಿಮ್ಮೂರಿನ ಆಯೋಜಕರಿಂದ ನಿಯಮಪುಸ್ತಕ ತರಿಸಿಕೊಳ್ಳಿ. ಹಿಗ್ಗಿಸಿದ ಎಂಜಿನ್ನಿಗೆ ಅವರ ಮೂಲಸ್ವರೂಪದ ವರ್ಗದಲ್ಲಿ ಪ್ರವೇಶವಿಲ್ಲದೆಯೂ ಇರಬಹುದು.